ತಪ್ಪು ಹೇಳುವ ಹುಡುಗಿ

ಜೂನ್ ೧೮

ಈ ಕಾಗದ ಒಡೆದು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ಬೈಸಿಕೊಂಡು ಆಮೇಲೆ ಮುಂದಕ್ಕೆ ಓದಿ. ನೀನು ನನ್ನ ಮೊಮ್ಮಗಳಾಗಿದ್ದರೆ ಬೈಗುಳ ಯಾಕೆಂದು ನಿನಗೇ ಗೊತ್ತು. ಅವಳ ರೂಮಿನಲ್ಲಿ ಜೊತೆಗಿರುವ ಇನ್ನೊಬ್ಬ ಟೀಚರಮ್ಮನಾಗಿದ್ದರೆ, ಕಂಡವರ ಕಾಗದಕ್ಕೆ ಮೂಗು ತೂರಿಸುವ ಚಟಕ್ಕೆ ನಿಮಗೂ ಒಂದು ಪಾಲು ಇರಲಿ. ಓದಿಯಾದ ಮೇಲೆ ಮಡಚಿ ಅವಳ ದಿಂಬಿನ ಮೇಲಿಡಿ.

ಎಷ್ಟು ಸಲ ಫೋನು ಮಾಡಿಸಿದರೂ ಒಂದೇ ಪಲ್ಲವಿ. "ಕೋರ್ಸು ನಡೀತಿದೆ ಅಜ್ಜಿ, ಆಮೇಲೆ ಮಾಡ್ತೀನಿ." ಆ ಆಮೇಲೆ ಎಂಬುದು ಯಾವ ಬಸ್ಸಿಗೆ ಬರುತ್ತದೆಯೋ. ಫೋನಿನಲ್ಲಿ ನನಗೆ ಅರ್ಧ ಕೇಳುವುದಿಲ್ಲ, ಕೇಳಿದ ಅರ್ಧಕ್ಕೆ ನೀನು ಉತ್ತರ ಕೊಡುವುದಿಲ್ಲ. ಅದಕ್ಕೇ ಕಾಗದ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ಬರೆದದ್ದು. ಎಲ್ಲಾದರೂ ಒತ್ತಕ್ಷರ ಕಾಲು ಮುರಿದುಕೊಂಡು ಬಿದ್ದಿದ್ದರೆ ಎತ್ತಿ ನಿಲ್ಲಿಸಿಕೊಂಡು ಓದು.

ನಿನ್ನ ಅಪ್ಪ ಹೇಳಿದ ಸುದ್ದಿಗೆ ತೆರೆದ ಬಾಯಿ ಇನ್ನೂ ಮುಚ್ಚಿಲ್ಲ. ಇಷ್ಟು ವರ್ಷ ಪಾಠ ಮಾಡಿದವಳಿಗೆ ಪಾಠ ಮಾಡುವುದು ಹೇಗೆಂದು ಫೋನಿನೊಳಗಿಂದ ಯಾರೋ ಕಲಿಸುತ್ತಾರಂತೆ. ಅದು ಪಾಸಾಗದಿದ್ದರೆ ಕೆಲಸ ಕಾಯಂ ಆಗುವುದಿಲ್ಲವಂತೆ. ಮಕ್ಕಳು ತಪ್ಪು ಹೇಳಿದರೆ ತಪ್ಪು ಎನ್ನಬಾರದಂತೆ. ನಮ್ಮ ಮೇಷ್ಟ್ರ ಹತ್ತಿರ ತಪ್ಪು ಹೇಳಿದರೆ ಬೆರಳಿನ ಗೆಣ್ಣು ಕೆಂಪಗಾಗುತ್ತಿತ್ತು. ಅದರಿಂದ ಬುದ್ಧಿ ಬಂತೆಂದು ನಾನು ಹೇಳುವುದಿಲ್ಲ, ಗೆಣ್ಣು ಊದಿಕೊಂಡದ್ದಂತೂ ನಿಜ. ಆದರೆ ತಪ್ಪಿಗೆ ತಪ್ಪೆನ್ನದೆ ಏನೆನ್ನುತ್ತೀರಿ? ಬೆಕ್ಕಿಗೆ ಬೆಕ್ಕೆನ್ನಬೇಡಿ, ಮನೆಯೊಳಗೆ ಬಾಲವಿರುವ ನೆಂಟರೆನ್ನಿ ಎಂದ ಹಾಗಾಯಿತು.

ಏನು ನಡೆಯುತ್ತಿದೆ, ಬಿಡಿಸಿ ಬರೆ.

ಇಂತಿ,
ಬಾಯಿ ತೆರೆದೇ ಕೂತಿರುವ ನಿನ್ನ ಅಜ್ಜಿ


ಜುಲೈ ೪

ಅಜ್ಜಿ,

ಬೈಗುಳದ ಪಾಲು ಇಬ್ಬರಿಗೂ ಮುಟ್ಟಿತು. ರೂಮಿನವಳು ಓದಿ, ಮಡಚಿ, ದಿಂಬಿನ ಮೇಲೇ ಇಟ್ಟಿದ್ದಳು.

ಬಿಡಿಸಿ ಬರೆಯುತ್ತೇನೆ. ಸಂಜೆ ಬಂದು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸುತ್ತೇನೆ. ಅದು ಮಾತಾಡುತ್ತಿರುತ್ತದೆ, ನಾನು ತರಕಾರಿ ಹೆಚ್ಚುತ್ತಿರುತ್ತೇನೆ. ನಡುನಡುವೆ, ನೋಡುತ್ತಿದ್ದೀರಾ ಎಂದು ಕೇಳುತ್ತದೆ; ಒದ್ದೆ ಬೆರಳಲ್ಲಿ ಹೌದು ಎಂದು ಒತ್ತುತ್ತೇನೆ. ಕೊನೆಯಲ್ಲಿ ಬರುವ ಪ್ರಶ್ನೆಗಳಿಗೆ ಉತ್ತರ ಟೀಚರುಗಳ ಗ್ರೂಪಿನಲ್ಲಿ ಮೊದಲೇ ಬಂದಿರುತ್ತದೆ. ಎಲ್ಲರೂ ಹೀಗೇ ಮಾಡುವುದು.

ಆದರೆ ಮೊದಲನೆಯ ವಿಡಿಯೋ ನನಗೆ ನಿಜವಾಗಿ ಹಿಡಿಸಿತ್ತು. ಅದರಲ್ಲಿ ಟೀಚರೊಬ್ಬರು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಾರೆ. ಒಂದು ಮಗು ತಪ್ಪು ಹೇಳುತ್ತದೆ. ಅವರು ತಪ್ಪು ಎನ್ನದೆ, "ಹಾಗೆ ಯಾಕೆ ಅಂದುಕೊಂಡೆ, ಹೇಳು" ಎನ್ನುತ್ತಾರೆ. ಮಗು ಹೇಳುತ್ತ ಹೇಳುತ್ತ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಅದನ್ನು ನೋಡುತ್ತ ಈರುಳ್ಳಿ ಹೆಚ್ಚುವುದನ್ನೇ ನಿಲ್ಲಿಸಿದ್ದೆ.

ಮಾರನೆಯ ದಿನ ನಾನೂ ಕೇಳಿ ಸುಮ್ಮನೆ ನಿಂತೆ. ಮುಂದಿನ ಮಾತು ನನಗೆ ಮರೆತುಹೋಗಿದೆ ಎಂದುಕೊಂಡರು ಮಕ್ಕಳು. ಹಿಂದಿನ ಬೆಂಚಿನಲ್ಲಿ ಗಲಾಟೆ ಎದ್ದಿತು. ಹೆಡ್ಮಾಸ್ಟರು ಕಿಟಕಿಯಲ್ಲಿ ತಲೆ ತೂರಿಸಿ, "ಏನಮ್ಮ, ಕ್ಲಾಸಲ್ಲಿ ಟೀಚರ್ ಇದ್ದಾರೋ ಇಲ್ವೋ?" ಎಂದರು. ಆ ವಾರ ನೋಟ್‌ಬುಕ್ಕಿನಲ್ಲಿ ಏನೂ ಬರೆಸಿಲ್ಲವೆಂದು ತಾಯಂದಿರು ಗೇಟಿನ ಹತ್ತಿರ ಹಿಡಿದುಕೊಂಡರು. ಮತ್ತೆ ಬೋರ್ಡಿನ ಮೇಲೆ ಬರೆದು ನಕಲು ಮಾಡಿಸತೊಡಗಿದೆ. ಎಲ್ಲರಿಗೂ ಸಮಾಧಾನವಾಯಿತು.

ಈಗ ನಮ್ಮ ಕ್ಲಾಸಿನ ವಿಡಿಯೋ ಕಳಿಸಬೇಕು. ಅದನ್ನು ನೋಡುವ ತರಬೇತಿ ಮೇಡಂ ಪ್ರತಿ ಶನಿವಾರ ಫೋನಿನಲ್ಲಿ ಬರುತ್ತಾರೆ. ಒಂದು ಮುಖ, ಹಿಂದೆ ಒಂದು ಪುಸ್ತಕದ ಕಪಾಟು, ಅಷ್ಟೇ ನಾವು ಕಂಡಿರುವುದು. ವಿಡಿಯೋದಲ್ಲಿ ಒಂದು ಮಗು ತಪ್ಪು ಹೇಳಲೇಬೇಕಂತೆ, ಯಾಕೆ ಹಾಗಂದುಕೊಂಡೆ ಎಂದು ನಾನು ಕೇಳಲೇಬೇಕಂತೆ. ಫೋನು ಎದುರಿಗಿಟ್ಟ ಕೂಡಲೇ ಕ್ಲಾಸಿಗೆ ಕ್ಲಾಸೇ ಕಲ್ಲಾಗುತ್ತದೆ. ದಿನವಿಡೀ ತಪ್ಪು ಹೇಳುವವರು ನನಗೆ ಬೇಕಾದಾಗ ಒಂದೇ ಒಂದು ತಪ್ಪು ಹೇಳುವುದಿಲ್ಲ. ನಗಬೇಡ.

ನಿನ್ನ ಮೊಮ್ಮಗಳು


ಜುಲೈ ೧೩

ನಗಬೇಡ ಎಂದು ಬರೆದ ಮೇಲೆ ನಗದೆ ಇರುವುದು ಹೇಗೆ? ನಾನು ನಕ್ಕ ಸದ್ದಿಗೆ ಕೆಳಗಿನ ಅಂಗಡಿಯ ಬೀಗದ ಕೈ ಮಾಡುವವನು ಅರ ತಿಕ್ಕುವುದನ್ನು ನಿಲ್ಲಿಸಿ, "ಏನಾಯ್ತು ಅಜ್ಜಿ, ಹುಷಾರಾಗಿದ್ದೀರಾ?" ಎಂದು ಕೂಗಿದ. "ನನ್ನ ಮೊಮ್ಮಗಳಿಗೆ ಒಂದು ತಪ್ಪು ಬೇಕಂತೆ, ಎಲ್ಲೂ ಸಿಗ್ತಿಲ್ವಂತೆ" ಎಂದೆ. "ನಮ್ಮ ಮನೆಯವಳನ್ನ ಕೇಳಿ, ನನ್ನ ಹತ್ರ ದಿನಕ್ಕೊಂದು ಹುಡುಕ್ತಾಳೆ" ಎಂದ.

ಒದ್ದೆ ಬೆರಳಲ್ಲಿ ಹೌದು ಒತ್ತುವವಳು, ಮಕ್ಕಳು ನಕಲು ಮಾಡಿದರೆ ಯಾವ ಬಾಯಲ್ಲಿ ಬೈಯುತ್ತೀಯೋ ನನಗೆ ತಿಳಿಯದು. ಸುಮ್ಮನೆ ನಿಂತಾಗ ಗಲಾಟೆಯಾಯಿತೆಂದು ಒಂದೇ ವಾರಕ್ಕೆ ಬಿಟ್ಟೆಯಲ್ಲ, ಅದೂ ಹಿಡಿಸಲಿಲ್ಲ. ಸೈಕಲ್ಲು ಕಲಿಯುವಾಗ ಮೊದಲ ದಿನವೇ ಗೋಡೆಗೆ ಗುದ್ದಿದವಳು ನೀನು. ಗೋಡೆಗೆ ಬೈದು ಮತ್ತೆ ಹತ್ತಿದ್ದೆ.

ಅಷ್ಟು ಕಷ್ಟವಾದರೆ ನಾಟಕದ ಮೇಷ್ಟ್ರ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಮಾತು ಹಂಚಿಬಿಡು. ಒಬ್ಬಳಿಗೆ ತಪ್ಪು ಹೇಳುವ ಪಾತ್ರ, ಇನ್ನೊಬ್ಬಳಿಗೆ ಸರಿ ಹೇಳುವ ಪಾತ್ರ. ನೀನು ಮುಖಕ್ಕೆ ಪೌಡರ್ ಬಳಿದುಕೊಂಡು ನಿಲ್ಲು. ಕಪಾಟಿನ ಮೇಡಮ್ಮು ಚಪ್ಪಾಳೆ ತಟ್ಟದಿದ್ದರೆ ಕೇಳು.

ಇಂತಿ,
ನಗು ತಡೆಯಲಾರದ ಅಜ್ಜಿ


ಆಗಸ್ಟ್ ೨೧

ಅಜ್ಜಿ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ನೀನು ಹೇಳಿದಂತೆಯೇ ಮಾಡಿದೆ.

ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗಿಯಿದ್ದಾಳೆ. ತೆಳ್ಳಗಿರುವುದರಿಂದ ಎಲ್ಲರೂ ಕಡ್ಡಿ ಎನ್ನುತ್ತಾರೆ, ಅವಳೂ ಓಗೊಡುತ್ತಾಳೆ. ಅವಳಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಲೆಕ್ಕದಲ್ಲಿ ಕಡ್ಡಿಯ ಮುಂದೆ ಯಾರೂ ಇಲ್ಲ. ತಪ್ಪು ಹೇಳುವ ಪಾತ್ರವನ್ನು ಬೇರೆಯವರಿಗೆ ಕೊಟ್ಟು ನೋಡಿದೆ, ಕಿಸಕ್ಕನೆ ನಕ್ಕುಬಿಡುತ್ತಾರೆ. ಇವಳೊಬ್ಬಳೇ ನಗದೆ, ಬೆದರದೆ, ಗಂಟೆ ಬಾರಿಸಿದ ಹಾಗೆ ಹೇಳಿದ್ದು.

ಪಾಠ ಇಷ್ಟೇ. ಒಂದೇ ಉದ್ದದ ಎರಡು ಕಾಗದದ ಪಟ್ಟಿ. ಒಂದನ್ನು ಮೂರು ಸಮಪಾಲು ಮಾಡಿದೆ, ಇನ್ನೊಂದನ್ನು ನಾಲ್ಕು. ಯಾವ ಪಾಲು ದೊಡ್ಡದು ಎಂದು ಕೇಳಿದೆ. ಕಡ್ಡಿ ಎದ್ದು, "ನಾಲ್ಕು ಮಾಡಿದ್ದರ ಪಾಲು ಮಿಸ್, ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ" ಎಂದಳು. ಹಾಗೆ ಯಾಕೆ ಅಂದುಕೊಂಡೆ ಎಂದು ನಾನು ಕೇಳಿದೆ. ಮುಂದಿನ ಬೆಂಚಿನವಳು ಪಟ್ಟಿ ಮಡಚಿ ತೋರಿಸಿದಳು. ಕಡ್ಡಿ ಬೆರಗಾದಂತೆ ಕಣ್ಣರಳಿಸಿದಳು. ಅದನ್ನೂ ನಾನೇ ಹೇಳಿಕೊಟ್ಟಿದ್ದೆ.

ಧ್ವನಿ ಸರಿಯಿಲ್ಲವೆಂದು, ಬೆಳಕು ಸಾಲದೆಂದು ವಿಡಿಯೋ ಹಿಂದಕ್ಕೆ ಬರುತ್ತಲೇ ಇತ್ತು. ಪ್ರತಿ ಸಲವೂ ಕಡ್ಡಿ ಅಷ್ಟೇ ಚೆನ್ನಾಗಿ ತಪ್ಪು ಹೇಳಿದಳು. ನಾನೂ ಭೇಷ್ ಎಂದು ಬೆನ್ನು ತಟ್ಟಿದೆ. ಕೊನೆಗೆ ಮೇಡಂ ಒಪ್ಪಿದ್ದಷ್ಟೇ ಅಲ್ಲ, ಎಲ್ಲ ಟೀಚರುಗಳಿಗೂ ಕಳಿಸಿ, ಮಗು ಎಷ್ಟು ನಿರ್ಭಯವಾಗಿ ತಪ್ಪು ಮಾಡುತ್ತಿದೆ ನೋಡಿ ಎಂದು ಬರೆದರು. ಇನ್ನು ಮುಂದೆ ಉಳಿದವರಿಗೆ ನಾನೇ ಹೇಳಿಕೊಡಬೇಕಂತೆ. ಹೆಡ್ಮಾಸ್ಟರು ಕೂರಿಸಿ ಟೀ ಕೊಟ್ಟರು. ಈ ವರ್ಷ ಕಾಯಂ ಆಗುವುದು ಖಂಡಿತ ಎಂದರು. ಅಪ್ಪನಿಗೂ ಹೇಳು.

ನಿನ್ನ ಮೊಮ್ಮಗಳು


ಆಗಸ್ಟ್ ೩೦

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಾನು ಹಾಸ್ಯಕ್ಕೆ ಬರೆದದ್ದನ್ನು ನೀನು ಕಟ್ಟಿಯೇಬಿಟ್ಟೆಯಲ್ಲೇ. ಓದುವಾಗ ಕೈಯಲ್ಲಿದ್ದ ಲೋಟ ಓರೆಯಾಗಿ ಸೀರೆಯೆಲ್ಲ ಟೀ.

ನಿನ್ನ ಅಪ್ಪನಿಗೆ ಕಾಯಂ ಸುದ್ದಿ ಹೇಳಿದೆ, ನಾಟಕದ ಸುದ್ದಿ ಹೇಳಲಿಲ್ಲ. ಅವನು ಬೀದಿಗೆಲ್ಲ ಹೇಳಿಕೊಂಡು ಬಂದ. ನಾನು ಮೂಲೆಯಲ್ಲಿ ಕೂತು ಸೆರಗು ಹಿಂಡುತ್ತಿದ್ದೆ.

ಒಂದು ಮಾತು ನನ್ನ ತಲೆಯಲ್ಲಿ ಮುಳ್ಳಿನ ಹಾಗೆ ನಿಂತಿದೆ. ಸರಿ ಉತ್ತರ ಗೊತ್ತಿರುವ ಮಗುವಿಗೆ, ನೀನು ತಪ್ಪು ಹೇಳು ಎಂದಾಗ ಅದು ಏನೆಂದಿತು? ಕಾಗದದ ತುಂಬ ಮೇಡಮ್ಮು ಏನೆಂದಳು, ಹೆಡ್ಮಾಷ್ಟ್ರು ಏನೆಂದರು ಎಂದು ಬರೆದಿದ್ದೀಯ. ಹುಡುಗಿಯ ಸ್ವಂತ ಮಾತು ಒಂದೂ ಇಲ್ಲ. ಅವಳ ಬಾಯಿಂದ ಬಂದದ್ದೆಲ್ಲ ನೀನೇ ತುಂಬಿದ್ದು.

ಅದನ್ನೊಂದು ಬರೆ.

ಇಂತಿ,
ಅಜ್ಜಿ


ಅಕ್ಟೋಬರ್ ೫

ಸೆಪ್ಟೆಂಬರ್ ಎಂಬ ತಿಂಗಳು ನಿಮ್ಮೂರಿಗೆ ಬಂದಿತ್ತೋ ಇಲ್ಲವೋ. ನಮ್ಮಲ್ಲಿಗೆ ಬಂದು ಅಂಚೆಯವನನ್ನು ಬರಿಗೈಯಲ್ಲಿ ಓಡಾಡಿಸಿ ಹೋಯಿತು. ಫೋನು ಮಾಡಿದರೆ, ಚೆನ್ನಾಗಿದ್ದೀನಿ ಎನ್ನುತ್ತೀಯ. ಚೆನ್ನಾಗಿರುವವರು ಅಷ್ಟು ಬೇಗ ಫೋನಿಡುವುದಿಲ್ಲ.

ಅಜ್ಜಿ


ಅಕ್ಟೋಬರ್ ೧೯

ಅಜ್ಜಿ,

ನೀನು ಕೇಳಿದ್ದಕ್ಕೆ ಉತ್ತರ ಇದು. ತಪ್ಪು ಹೇಳು ಎಂದಾಗ ಕಡ್ಡಿ ಬರೀ "ಸರಿ ಮಿಸ್" ಎಂದಿದ್ದಳು. ಅದನ್ನು ಬರೆಯಲು ನಾಚಿಕೆಯಾಯಿತು. ಈಗ ಬರೆಯಬೇಕಾದದ್ದು ಅದಕ್ಕಿಂತ ದೊಡ್ಡದು.

ಅರ್ಧವರ್ಷದ ಪರೀಕ್ಷೆ ಮುಗಿಯಿತು. ಸ್ಟಾಫ್ ರೂಮಿನಲ್ಲಿ ಲೆಕ್ಕದ ಪೇಪರು ತಿದ್ದುತ್ತಿದ್ದೆ. ಕಡ್ಡಿಯ ಪೇಪರು ಬಂತು. ಮೊದಲನೆಯದು ತಪ್ಪು. ಎರಡನೆಯದೂ ತಪ್ಪು. ಪುಟ ತಿರುಗಿಸಿದೆ. ಎಲ್ಲವೂ ತಪ್ಪು. ದುಂಡಗಿನ ಅಕ್ಷರ, ಒಂದೂ ಚಿತ್ತುಕಾಟಿಲ್ಲ, ಗೆರೆ ಹಾಕಿ ಬರೆದ ಅಚ್ಚುಕಟ್ಟಾದ ತಪ್ಪುಗಳು. ಗೊತ್ತಿಲ್ಲದವರು ಬರೆದರೂ ಅಲ್ಲೊಂದು ಇಲ್ಲೊಂದು ಸರಿಯಾಗಿಬಿಡುತ್ತದೆ ಅಜ್ಜಿ. ಒಂದೂ ಸರಿಯಾಗದಂತೆ ಬರೆಯಬೇಕಾದರೆ ಎಲ್ಲವೂ ಗೊತ್ತಿರಬೇಕು.

ಕರೆದು ಕೇಳಿದೆ, "ಯಾಕಮ್ಮ ಹೀಗೆ ಬರೆದೆ?"

"ನಾನು ತಪ್ಪು ಹೇಳೋಳಲ್ವಾ ಮಿಸ್."

"ಅದು ವಿಡಿಯೋಗೆ ಕಣೇ. ಇದು ಪರೀಕ್ಷೆ."

"ತಪ್ಪು ಹೇಳಿದಾಗ್ಲೇ ನೀವು ಭೇಷ್ ಅಂದಿದ್ದು" ಎಂದಳು. ದೂರು ಹೇಳುವ ದನಿಯಲ್ಲ. ನನಗೆ ಮರೆತಿದೆಯೇನೋ ಎಂದು ನೆನಪಿಸುವ ದನಿ.

ಇನ್ನೂ ಇದೆ. ಮುಂದಿನ ಟರ್ಮಿಗೆ ಹೆಡ್ಮಾಸ್ಟರು ಕ್ಲಾಸನ್ನು ಒಡೆಯುತ್ತಾರೆ. ಫೇಲಾದವರನ್ನು ಹಿಂದಿನ ಕೋಣೆಗೆ ಹಾಕುತ್ತಾರೆ. ಅಲ್ಲಿ ವರ್ಷವಿಡೀ ಕೂಡಿಸು, ಕಳೆ. ಅಲ್ಲಿಗೆ ಹೋದವರು ಈಚೆಗೆ ಬಂದದ್ದನ್ನು ನಾನು ನೋಡಿಲ್ಲ. ಪೇಪರು ನೋಡಿ ಕಡ್ಡಿಯನ್ನೂ ಅದಕ್ಕೆ ಸೇರಿಸಿದ್ದಾರೆ. ಅವಳಮ್ಮನಾದರೂ ಬೇಡವೆನ್ನುತ್ತಾಳೆಂದುಕೊಂಡು ಆಕೆಯ ಹತ್ತಿರ ಓಡಿದೆ. ಆಕೆ ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ, "ಕಳಿಸಿ ಬಿಡಿ ಮಿಸ್. ನಮ್ಮ ಹುಡುಗಿ ದಡ್ಡಿ ಅಂತ ಎಲ್ಲರ ಫೋನಲ್ಲೂ ಬಂದಿದೆಯಲ್ಲ. ಅಳತೆ ಕೊಡೋಕೆ ಬಂದೋರೆಲ್ಲ ಆಡಿಕೊಂಡು ನಗ್ತಾರೆ, ನಾಲ್ಕು ದೊಡ್ಡದಾ ಮೂರು ದೊಡ್ಡದಾ ಅಂತ" ಎಂದಳು. ಟೀಚರುಗಳಿಗೆ ಕಳಿಸಿದ ವಿಡಿಯೋ ಹೇಗೋ ಹಿಂದಿನ ಬೀದಿಯವರೆಗೂ ಹರಿದುಬಂದಿದೆ. ಮೂಲೆಯಲ್ಲಿ ಕಡ್ಡಿ ಗುಂಡಿಗಳನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ.

ಇದನ್ನು ಬಿಡಿಸಬೇಕಾದರೆ ವಿಡಿಯೋ ಸುಳ್ಳೆಂದು ನಾನೇ ಹೇಳಬೇಕು. ಹೇಳಿದರೆ ಕೆಲಸ ಕಾಯಂ ಆಗುವುದಿಲ್ಲ. ರಾತ್ರಿಯೂಟ ಸೇರುತ್ತಿಲ್ಲ.

ನಿನ್ನ ಮೊಮ್ಮಗಳು


ಅಕ್ಟೋಬರ್ ೨೭

ಕಾಗದ ಬಂತು, ಓದಿದೆ. ಮೆಟ್ಟಿಲ ಮೇಲೆ ಕೂತವಳು ಕತ್ತಲಾಗುವ ತನಕ ಏಳಲಿಲ್ಲ. ಹೊಡೆದು ಕಲಿಸಿದವರನ್ನು ಕಂಡಿದ್ದೇನೆ, ಹೊಡೆದು ಮರೆಸಿದವರನ್ನೂ ಕಂಡಿದ್ದೇನೆ. ಬೆನ್ನು ತಟ್ಟಿ ಮಗುವಿನ ತಲೆ ಕೆಡಿಸಿದ್ದನ್ನು ಕೇಳಿದ್ದು ಇದೇ ಮೊದಲು. ಅದೂ ನನ್ನ ರಕ್ತದವಳು.

ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ. ನಿಜ ಹೇಳುವುದು ಬೇಡವೆಂದ ಅವನು. "ಇಷ್ಟು ವರ್ಷ ಕಾದು ಕೈಗೆ ಬಂದದ್ದು ಅಮ್ಮ, ಒಂದು ಮಗು ಹಿಂದಿನ ಕೋಣೆಯಲ್ಲಿ ಕೂತರೆ ಪ್ರಳಯ ಆಗಲ್ಲ" ಎಂದ. ನಾನು ಅವನ ಮುಖ ನೋಡಿದೆ. ಅವನು ಶರ್ಟಿನ ಗುಂಡಿ ಹಾಕಿಕೊಂಡು ಆಚೆ ಹೋದ. ಅವನ ಮೇಲೆ ಸಿಟ್ಟಾಗಬೇಡ. ಕಾಯಂ ಇಲ್ಲದೆ ಬದುಕುವುದು ಏನೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ನಾನು ನಿನಗೆ ಧೈರ್ಯ ಹೇಳುವುದಿಲ್ಲ. ಕೆಲಸ ನಿನ್ನದು, ಬಾಡಿಗೆ ಕಟ್ಟುವವಳು ನೀನು, ಊಟ ಸೇರದವಳೂ ನೀನೇ. ಆದರೆ ನೀನು ಬಾಯಿ ತೆರೆಯದಿದ್ದರೆ ಆ ಹುಡುಗಿ ಬೆಳೆದು ದೊಡ್ಡವಳಾದ ಮೇಲೂ, ಗೊತ್ತಿದ್ದನ್ನು ನುಂಗಿಕೊಂಡು ಎದುರಿಗಿದ್ದವರ ಮುಖ ನೋಡಿ ಮಾತಾಡುತ್ತಾಳೆ. ಹಾಗೆ ಬದುಕಿದವರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರೆ, ಕರೆದು ತೋರಿಸಲೇ?

ಹೇಳುವುದಾದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಬೇಡ. ಹೇಳದೆ ಇರುವುದಾದರೆ ಅದನ್ನೂ ನನಗೆ ನೇರವಾಗಿ ಬರೆ.

ಇಂತಿ,
ಅಜ್ಜಿ


ನವೆಂಬರ್ ೧೪

ಅಜ್ಜಿ,

ಹೇಳಿದೆ.

ಶನಿವಾರ ಎಲ್ಲ ಟೀಚರುಗಳೂ ಪರದೆಯ ಮೇಲೆ ಸೇರಿದ್ದರು. ಒಬ್ಬೊಬ್ಬರ ಮುಖಕ್ಕೂ ಒಂದೊಂದು ಚೌಕ, ಇಲಾಖೆಯವರೂ ಇಬ್ಬರು ಇದ್ದರು. ಕ್ಲಾಸನ್ನು ಹೇಗೆ ಬದಲಾಯಿಸಿದಿರಿ ಹೇಳಿ ಎಂದು ಮೇಡಂ ನನ್ನನ್ನು ಕರೆದರು. "ಬದಲಾಯಿಸಿಲ್ಲ ಮೇಡಂ" ಎಂದೆ. "ಆ ಪಾಠ ನಡೆದೇ ಇಲ್ಲ. ಒಬ್ಬೊಬ್ಬರಿಗೂ ಮಾತು ಬಾಯಿಪಾಠ ಮಾಡಿಸಿದ್ದೆ. ತಪ್ಪು ಹೇಳಿದ ಹುಡುಗಿ ಕ್ಲಾಸಿಗೇ ಮುಂದಿರೋಳು." ಪರೀಕ್ಷೆಯ ಕಥೆಯನ್ನೂ ಹೇಳಿದೆ.

ಆಗ ಒಂದು ಚೌಕ ಕಪ್ಪಾಯಿತು. ಅವರ ನೆಟ್ ಹೋಯಿತೆಂದುಕೊಂಡೆ. ಇನ್ನೊಂದು ಕಪ್ಪಾಯಿತು. ಅದರ ಪಕ್ಕದ್ದು. ಬೀದಿಯ ಮನೆಗಳಲ್ಲಿ ಒಂದಾದ ಮೇಲೊಂದು ದೀಪ ಆರಿಸುತ್ತ ಬಂದ ಹಾಗೆ. ಬಿಟ್ಟುಹೋದವರು ಯಾರೂ ಇಲ್ಲ, ಹೆಸರುಗಳೆಲ್ಲ ಹಾಗೇ ಇವೆ, ಕ್ಯಾಮೆರಾ ಆರಿಸಿಕೊಂಡಿದ್ದಾರೆ, ಮುಖಗಳು ಮಾತ್ರ ಇಲ್ಲ. ಟೀಚರುಗಳ ಪೈಕಿ ಬೆಳಕಿದ್ದದ್ದು ನನ್ನ ಚೌಕವೊಂದೇ. ನನ್ನ ರೂಮಿನವಳು ಪಕ್ಕದ ಮಂಚದ ಮೇಲೆಯೇ ತನ್ನ ಫೋನು ಹಿಡಿದು ಕೂತಿದ್ದಳು. ಅವಳ ಚೌಕವೂ ಕಪ್ಪು. ತಲೆಯೆತ್ತಿ ನನ್ನನ್ನು ನೋಡಲಿಲ್ಲ.

ಮೇಡಂ ಬಹಳ ಹೊತ್ತು ಆ ಕತ್ತಲನ್ನೇ ನೋಡುತ್ತಿದ್ದರು. "ಎಲ್ಲರೂ ಹೀಗೇನಾ?" ಎಂದರು. ಇವತ್ತಿಗೆ ಸಾಕು ಎಂದು ಮುಗಿಸಿದರು.

ಸಂಜೆ ಅವರೇ ಫೋನು ಮಾಡಿದರು. ಬೈಗುಳಕ್ಕೆ ಸಿದ್ಧಳಾಗಿದ್ದೆ. "ನಿಮ್ಮ ಹತ್ರ ಒಂದು ಮಾತು ಹೇಳಬೇಕು" ಎಂದರು. "ನೂರಾರು ವಿಡಿಯೋ ಬರ್ತವೆ. ನಾನು ಎಲ್ಲವನ್ನೂ ಎರಡರಷ್ಟು ಸ್ಪೀಡಲ್ಲಿ ಓಡಿಸಿ ನೋಡ್ತಿದ್ದೆ. ನಿಮ್ಮದನ್ನೂ." ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲಬೇಕೆಂದು ನಮಗೆ ಕಲಿಸಿದವರು ಅವರು, ಅಜ್ಜಿ.

ಕೋರ್ಸಿನ ಸರ್ಟಿಫಿಕೇಟು ರದ್ದಾಗಿದೆ. ಈ ವರ್ಷ ಕಾಯಂ ಇಲ್ಲ. ಮುಂದಿನ ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ವಿಡಿಯೋ ತೆಗೆಸಿದ್ದಾರೆ, ಹಿಂದಿನ ಬೀದಿಯ ಫೋನುಗಳಿಂದ ಅಳಿಸುವವರು ಯಾರು? ಕಡ್ಡಿಯ ಅಮ್ಮನ ಎದುರು ನಿಂತು ಎಲ್ಲ ಹೇಳಿದೆ. ಆಕೆ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದಳು. "ಹಾಗಾದ್ರೆ ನನ್ನ ಮಗಳು ದಡ್ಡಿ ಅಲ್ವಾ?" ಎಂದಳು. ಅಲ್ಲ ಎಂದೆ. "ಎರಡು ತಿಂಗಳಿಂದ ನಾನೂ ಹಾಗೇ ಕರೀತಿದ್ದೆನಲ್ಲ" ಎಂದವಳು ಮತ್ತೆ ತಲೆಯೆತ್ತಲಿಲ್ಲ.

ಹೆಡ್ಮಾಸ್ಟರು ಕೂಗಾಡಿದರು, ಆದರೆ ಮರುಪರೀಕ್ಷೆಗೆ ಒಪ್ಪಿದರು. ಎಲ್ಲ ಸರಿಹೋಯಿತೆಂದುಕೊಂಡು ಪೇಪರು ಕೊಟ್ಟೆ. ಕಡ್ಡಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು. "ಯಾವುದು ಬೇಕು ಮಿಸ್, ಸರೀದಾ, ತಪ್ಪಾಗಿರೋದಾ?" ಎಂದಳು. "ನಿನಗೆ ತೋಚಿದ್ದನ್ನ ಬರಿ" ಎಂದೆ. ಅವಳಿಗೆ ಅದು ಅರ್ಥವಾಗಲಿಲ್ಲ. ಪೇಪರು ಖಾಲಿ ಕೊಟ್ಟಳು. ಹೆಡ್ಮಾಸ್ಟರು ತಿಂಗಳ ಕೊನೆಯವರೆಗೆ ತಡೆಯುತ್ತಾರಂತೆ. ಅಷ್ಟರಲ್ಲಿ ಬರೆದರೆ ಸರಿ, ಇಲ್ಲವಾದರೆ ಒಂದನೇ ತಾರೀಖಿಗೆ ಹಿಂದಿನ ಕೋಣೆ.

ನಿನ್ನೆ ಫೋನು ಬ್ಯಾಗಿನಲ್ಲೇ ಬಿಟ್ಟು ಮತ್ತೆ ಕಾಗದದ ಪಟ್ಟಿ ಹಂಚಿದೆ. ಇವತ್ತು ಯಾರಿಗೂ ಪಾತ್ರವಿಲ್ಲ ಎಂದೆ. ಕೇಳಿದೆ, ಸುಮ್ಮನೆ ನಿಂತೆ. ಗಲಾಟೆಯಾಯಿತು, ಕಿಟಕಿಯಲ್ಲಿ ಹೆಡ್ಮಾಸ್ಟರ ತಲೆಯೂ ಬಂತು. ಅಲುಗಲಿಲ್ಲ. ಕಡ್ಡಿ ಪಟ್ಟಿಯನ್ನು ಮುಟ್ಟದೆ ನನ್ನ ಮುಖವನ್ನೇ ಓದುತ್ತಿದ್ದಳು, ಹುಬ್ಬು ಎತ್ತ ಏರುತ್ತದೆ, ತುಟಿ ಎತ್ತ ತಿರುಗುತ್ತದೆ ಎಂದು. ಅದನ್ನು ತಾಳಲಾರದೆ ಬೋರ್ಡಿನ ಕಡೆ ತಿರುಗಿ ಬೆನ್ನು ಹಾಕಿ ನಿಂತುಬಿಟ್ಟೆ. ಹಾಗೆ ಮಾಡಿರೆಂದು ಯಾವ ಕೋರ್ಸೂ ಹೇಳಿಲ್ಲ. ಸರಿಯೋ ತಪ್ಪೋ ತಿಳಿಯದು.

ಸ್ವಲ್ಪ ಹೊತ್ತಿನ ಮೇಲೆ ಅವಳು ಕೂರುವ ಕಡೆಯಿಂದ ಕಾಗದ ಮಡಚುವ ಸದ್ದು ಬಂತು. ತಿರುಗಲಿಲ್ಲ. ಬೆಲ್ಲು ಹೊಡೆಯಿತು.

ನಿನ್ನ ಮೊಮ್ಮಗಳು


ನವೆಂಬರ್ ೨೦

ಬೈಯಬೇಕೆಂದು ಕೂತೆ, ಬೈಗುಳ ಬರಲಿಲ್ಲ. ಇಂಥದು ನನ್ನ ಆಯುಸ್ಸಿನಲ್ಲಿ ಆದದ್ದೇ ಇಲ್ಲ. ನನಗೇನೋ ಆಗಿದೆ ಎಂದು ನಿನ್ನ ಅಪ್ಪ ಹಣೆ ಮುಟ್ಟಿ ನೋಡಿದ. ಕಾಗದ ಅವನ ಕೈಗೆ ಕೊಟ್ಟೆ. ಓದಿ, ಮಡಚಿ ತನ್ನ ಜೇಬಿಗೆ ಹಾಕಿಕೊಂಡ. ಇವತ್ತು ಬೀದಿಗೆಲ್ಲ ಏನು ಹೇಳಿಕೊಂಡು ಬರುತ್ತಾನೋ ಕಾಣೆ.

ಕತ್ತಲಾದ ಆ ಮುಖಗಳೆಲ್ಲ ಕಣ್ಣಿಗೆ ಕಟ್ಟಿವೆ. ಅಷ್ಟೂ ಕ್ಲಾಸಿನಲ್ಲಿ ಇಂಥ ಒಂದೊಂದು ಮಗು ಇದ್ದರೆ ಗತಿ ಏನು ಎಂದು ಎಣಿಸಹೋಗಿ ಬಿಟ್ಟುಬಿಟ್ಟೆ. ನಿನ್ನ ರೂಮಿನವಳ ಮೇಲೆ ಮುನಿಸು ಬೇಡ. ಈ ಕಾಗದವನ್ನೂ ಮೊದಲು ಅವಳೇ ಓದುತ್ತಾಳೆ, ಓದಲಿ. ಅಮ್ಮಾ ಟೀಚರಮ್ಮ, ನಿಮ್ಮ ಕ್ಲಾಸಿನಲ್ಲಿ ಆ ಪಾತ್ರ ಯಾರದು?

ಬೆನ್ನು ಹಾಕಿ ನಿಂತದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳುತ್ತೀಯ. ನನಗೇನು ಗೊತ್ತು? ಆ ಮಗು ಬಾಯಿ ಬಿಡುತ್ತದೆ ಎಂದು ಹೇಳಲು ನಾನು ಕಣಿ ಹೇಳುವವಳಲ್ಲ. ಒಂದನೇ ತಾರೀಖಿಗೆ ಅದು ಯಾವ ಕೋಣೆಯಲ್ಲಿ ಕೂರುತ್ತದೋ ಅದೂ ತಿಳಿಯದು. ತಿರುಗದೆ ಇದ್ದೆಯಲ್ಲ, ಅಷ್ಟು ಸಾಕು. ನಾಳೆಯೂ ಕೇಳು, ನಾಳೆಯೂ ತಿರುಗಬೇಡ. ಗಲಾಟೆಯಾದರೆ ಆಗಲಿ. ಕಿಟಕಿಯಲ್ಲಿ ತಲೆ ಹಾಕುವವರು ಹಾಕಲಿ, ಕತ್ತು ನೊಂದರೆ ಅವರೇ ತೆಗೆಯುತ್ತಾರೆ.

ಅವಳು ಬಾಯಿ ತೆರೆದ ದಿನ ಏನೆಂದಳು ಎಂಬುದನ್ನು ಒಂದಕ್ಷರ ಬಿಡದೆ ಬರೆ. ಸರಿಯಾಗಿತ್ತೋ ತಪ್ಪಾಗಿತ್ತೋ ನನಗೆ ಬೇಡ. ಅವಳದೇ ಮಾತಾಗಿರಬೇಕು. ಬಾಯಿ ತೆರೆಯದಿದ್ದರೆ, ತೆರೆಯಲಿಲ್ಲ ಎಂದೇ ಬರೆ. ಆದರೆ ಬರೆ. ಈ ತಿಂಗಳು ಮುಗಿಯುವ ಮುಂಚೆ ನಿನ್ನ ಕಾಗದ ನನ್ನ ಕೈಯಲ್ಲಿರಬೇಕು.

ಇಂತಿ,
ನಿನ್ನ ಅಜ್ಜಿ